ಜೊತೆಗೆ ಯಾರು ಬಂದಿದ್ದಾರೆ?

ವಾರಿಜಾ ಮೇಡಂ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಚಪ್ಪಲಿ ಬಿಚ್ಚಿಡುತ್ತಿದ್ದರು. ಕೇಳಿದರೆ, "ಒಳಗೆ ಇಷ್ಟು ಜನ ರೋಗಿಗಳು ಇದ್ದಾರಲ್ವಾ ಮಾರಾಯ್ತಿ" ಎನ್ನುತ್ತಿದ್ದರು. ಮಣಿಪಾಲದ ನಮ್ಮ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಇದಕ್ಕೆ ನಗದವರಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದ ನಾನೇ.

ಹೃದಯದ ಕಾಯಿಲೆಯವರಲ್ಲಿ ಯಾರು ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುತ್ತಾರೆ ಎಂದು ಮೊದಲೇ ಹೇಳುವ ಮಾಡೆಲ್ ಕಟ್ಟುವುದು ನಮ್ಮ ಕೆಲಸ. ಹಾಗೆ ಸುಳಿವು ಕೊಡುವ ಸಂಗತಿಗಳಿಗೆ ಪ್ರೆಡಿಕ್ಟರ್ ಎನ್ನುತ್ತಾರೆ. ನಾನು ವಯಸ್ಸು, ಸಂಬಳ, ಓದು, ಮನೆಯ ದೂರ ಎಲ್ಲವನ್ನೂ ತುಂಬಿಸಿ ಜಂಬದಿಂದ ಮೇಡಂ ಬಳಿಗೆ ಒಯ್ದೆ.

"ಎಂತ ಇದು? ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿದರೆ ಸಾಂಬಾರು ಕೂಡ ಆಗುವುದಿಲ್ಲ. ನಿನ್ನ ಕಾರ್ಕಳದವರು ಅಷ್ಟು ದೂರದಿಂದ ತಪ್ಪದೆ ಬರ್ತಾರೆ. ಇಲ್ಲೇ ಹೂಡೆಯವರು ಬರುವುದಿಲ್ಲ. ಯಾಕೆ? ಬಾ, ಕೇಳುವ."

ಬಸ್ಸಿನಲ್ಲಿ ಹೋದೆವು. ಹೂಡೆಯಲ್ಲಿ ಚಿಕಿತ್ಸೆ ಬಿಟ್ಟಿದ್ದ ಒಬ್ಬ ಹೆಂಗಸು ಮೀನು ಹೆಚ್ಚುತ್ತಾ ತುಳುವಿನಲ್ಲಿ ಹೇಳಿದ್ದು ಇಷ್ಟು: ಮಗ ಬೋಟಿಗೆ ಹೋದರೆ ಜೊತೆಗೆ ಯಾರೂ ಇರುವುದಿಲ್ಲ, ಆಸ್ಪತ್ರೆಯಲ್ಲಿ ಒಬ್ಬಳೇ ಕೂರಲು ಹೆದರಿಕೆ. ಮರುದಿನವೇ ಮೇಡಂ ರೋಗಿಗಳ ಫಾರ್ಮಿಗೆ ಹೊಸ ಪ್ರಶ್ನೆ ಸೇರಿಸಿದರು: ಜೊತೆಗೆ ಯಾರು ಬಂದಿದ್ದಾರೆ? ನಾನು ತುಂಬಿಸಿದ್ದ ಸಂಬಳ, ದೂರಗಳೆಲ್ಲ ಅದರ ಮುಂದೆ ಮಂಕಾದವು.

ವರ್ಷ ಕಳೆದು ಹೊಸ ಮಾಹಿತಿ ಬಂತು. ಹೆಸರುಗಳನ್ನು ಆಸ್ಪತ್ರೆಯವರೇ ತೆಗೆದಿದ್ದರು; ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು. ನಾನು ಒಂದು ಸಾಲಿನ ಮೇಲೆ ಬೆರಳಿಟ್ಟು ಕುಣಿದಾಡಿದೆ.

"ಮೇಡಂ, ಇವರನ್ನು ನೋಡಿ! ವಯಸ್ಸು ಐವತ್ತೆಂಟು, ಕಾಪುವಿನವರು, ಓದಿದವರು, ಒಳ್ಳೆಯ ಸಂಬಳ ಉಂಟು. ಆದರೆ ಜೊತೆಗೆ ಯಾರೂ ಇಲ್ಲ. ಬಿಡ್ತಾರೆ ಅಂತ ಮಾಡೆಲ್ ಹೇಳಿತ್ತು, ಮೂರು ಸಲ ತಪ್ಪಿಸಿದ್ದಾರೆ!"

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಆ ಸಾಲನ್ನು ನೋಡಿದರು.

"ಸರಿ ಉಂಟು. ಚೆನ್ನಾಗಿ ಮಾಡಿದ್ದಿ" ಎಂದರು.

ಅವರು ಹೊಗಳುವುದೇ ಅಪರೂಪ. ಆ ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಮೇಡಂ ಬರಲಿಲ್ಲ. ಕಾಪುವಿನ ಮನೆಯಲ್ಲಿ ಒಬ್ಬರೇ ಇದ್ದಾಗ ಹೃದಯ ನಿಂತಿತ್ತು. ಕಾಯಿಲೆಯ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಅಲ್ಲಿಗೆ ಹೋದಾಗ ಪಕ್ಕದ ಮನೆಯವರು ಅವರ ಆಸ್ಪತ್ರೆಯ ಫೈಲನ್ನು ನನ್ನ ಕೈಗಿಟ್ಟರು. ತಪಾಸಣೆಗೆ ಹೋಗಬೇಕಿದ್ದ ಮೂರು ತಾರೀಖುಗಳ ಮುಂದೆ ಏನೂ ಬರೆದಿರಲಿಲ್ಲ. ಅವರೇ ಸೇರಿಸಿದ್ದ ಪ್ರಶ್ನೆಯ ಕೆಳಗೆ ಅವರದೇ ಗುಂಡು ಅಕ್ಷರ: ಯಾರೂ ಇಲ್ಲ.

ಅಲ್ಲೇ ಜಗಲಿಯಲ್ಲಿ ಕೂತು ಅತ್ತೆ. ಆ ಸಾಲಿನ ಮೇಲೆ ಬೆರಳಿಟ್ಟು ಕುಣಿದವಳು ನಾನು.

ನಮ್ಮ ವಿಭಾಗದಿಂದ ಆಸ್ಪತ್ರೆಗೆ ನಡೆದರೆ ಐದು ನಿಮಿಷ. ನನ್ನ ಮೇಜು ಅವರ ಮೇಜಿನ ಪಕ್ಕದಲ್ಲೇ ಇತ್ತು. ಕರೆದಿದ್ದರೆ ನಾನು ಬರುತ್ತಿದ್ದೆ, ಮೇಡಂ.