ಸಿಳ್ಳೆ ಬಿಡದ ಗಿಸ್ಲೇನ್

ಲ್ವಾರ್ ನದಿಯ ದಂಡೆಯ ಆ ಸಣ್ಣ ಊರಿನಲ್ಲಿ ಗಿಸ್ಲೇನ್ ಪುವ್ರೋ ಉಣ್ಣೆಯ ಅಂಗಡಿ ನಡೆಸುತ್ತಲೇ ಮುದುಕಿಯಾದವಳು. ಹೆಣಿಗೆಯಲ್ಲಿ ಒಂದು ಕುಣಿಕೆ ತಪ್ಪಿದರೂ ಗಿರಾಕಿಯ ಎದುರೇ ಇಡೀ ತೋಳು ಬಿಚ್ಚಿಹಾಕುವಳು. ಹಾಗಾಗಿ ಗಿರಾಕಿಗಳು ಕಡಿಮೆ, ಹೆಸರು ಜಾಸ್ತಿ.

ಅವಳ ಪ್ರಾಯದ ಕಾಲದಲ್ಲಿ ಒಬ್ಬ ನಿರ್ದೇಶಕ ತನ್ನ ಚಿತ್ರವನ್ನು ಮೊಟ್ಟಮೊದಲು ತೋರಿಸಿದ್ದು ಈ ಊರಿನ ಚಿತ್ರಮಂದಿರದಲ್ಲಿ. ನಾಯಕ ಮೆಟ್ಟಿಲು ಹತ್ತುತ್ತಾನೆ, ಇಳಿಯುತ್ತಾನೆ. ಯಾಕೆಂದು ಅವನಿಗೂ ಗೊತ್ತಿಲ್ಲ. ಮತ್ತೆ ಹತ್ತತೊಡಗಿದಾಗ ಜನ ಸಿಳ್ಳೆ ಹೊಡೆದರು. ಆ ಸೀಮೆಯಲ್ಲಿ ಸಿಳ್ಳೆಯೆಂದರೆ ಮೆಚ್ಚುಗೆಯಲ್ಲ, ಛೀಮಾರಿ. ಪ್ಯಾರಿಸ್ಸಿನ ವಿಮರ್ಶಕರೂ ಉಗಿದರು. ವರ್ಷಗಳಾದ ಮೇಲೆ ಅದೇ ವಿಮರ್ಶಕರು ಅದನ್ನೇ ಮೇರುಕೃತಿಯೆಂದರು. ಅಲ್ಲಿಂದಾಚೆಗೆ ಊರಿನಲ್ಲಿ ಸಿಳ್ಳೆ ಹೊಡೆದವರು ಕರಗುತ್ತ ಹೋಗಿ, ಒಪ್ಪಿಕೊಳ್ಳಲು ಉಳಿದವಳು ಗಿಸ್ಲೇನ್ ಒಬ್ಬಳೇ.

ಈಗ ಅದೇ ಚಿತ್ರವನ್ನು ಮತ್ತೊಮ್ಮೆ ತೋರಿಸಿ, ಅವತ್ತೇ ಚಿತ್ರಮಂದಿರದೊಳಗೆ ಫಲಕ ಹಾಕಲು ಹೊರಟಿದ್ದರು: 'ಈ ಚಿತ್ರಕ್ಕೆ ಮೊದಲ ಚಪ್ಪಾಳೆ ತಟ್ಟಿದ ಊರು.' ಚಿತ್ರಸಂಘದ ಅಧ್ಯಕ್ಷ ಆನ್ಸೆಲ್ಮ್, ಅವಳ ಶಾಲೆಯ ಜೊತೆಗಾರ, ಅಂಗಡಿಗೆ ಬಂದ.

"ಅವತ್ತೊಂದಿನ ಬಾಯ್ ಮುಚ್ಕೊಂಡಿರೇ ಮಾರಾಯ್ತಿ. ನಿರ್ದೇಶಕರ ಹೆಂಡತಿ ಬರ್ತಿದಾರೆ."

"ನೀನೂ ಹೊಡೆದಿದ್ದೆ ಕಣೋ, ನನ್ನ ಕಿವಿ ಪಕ್ಕದಲ್ಲೇ."

"ಅದು... ಮೆಚ್ಚಿ ಹೊಡೆದಿದ್ದು."

"ಹೌದೌದು. ಮೆಚ್ಚಿ ಅರ್ಧಕ್ಕೇ ಎದ್ದೋದೆ. ಮೆಚ್ಚಿ ಆ ನಿರ್ದೇಶಕನ ಅಪ್ಪನ್ನೂ ಸೇರಿಸಿ ಬೈದೆ. ಸುಳ್ಳು ಬರೆದ್ರೆ ಎಲ್ಲರೆದುರೇ ಹೇಳ್ತೀನಿ, ಹೋಗು."

ಹೇಳಿಯೇಬಿಟ್ಟಳು. ಪ್ರದರ್ಶನ ಮುಗಿದು ಚಿತ್ರಸಂಘದ ಎಂದಿನ ಚರ್ಚೆ ಶುರುವಾಗಿ, ಆನ್ಸೆಲ್ಮ್ ಹಳೆಯ ಪ್ರೇಕ್ಷಕರನ್ನು ಎಬ್ಬಿಸಿ ನಿಲ್ಲಿಸಿದ ಗಳಿಗೆಯಲ್ಲೇ.

"ಚಪ್ಪಾಳೆ ಅನ್ನೋದು ಸುಳ್ಳು. ನಾವು ಸಿಳ್ಳೆ ಹೊಡೆದ್ವಿ. ನಂಗಂತೂ ಈ ಚಿತ್ರ ಇವತ್ತಿಗೂ ಹಿಡಿಸಿಲ್ಲ. ಆದ್ರೆ ನಮ್ಮ ಸಿಳ್ಳೆ ತಿಂದೂ ಬದುಕ್ತಲ್ಲ, ಅದು ಅದರ ತಾಕತ್ತು. ಅದ್ರಲ್ಲೂ ಪಾಲು ಕೇಳೋಕೆ ನಾಚಿಕೆ ಆಗಲ್ವಾ ನಿಮಗೆ?"

ಎರಡು ಬೆರಳು ಬಾಯಿಗಿಟ್ಟು ಊದಿದಳು. ಸಭ್ಯರೆಲ್ಲ ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸತೊಡಗಿದರು. ಆಗ ಹಿಂದಿನ ಸಾಲಿನಿಂದ ಮತ್ತೊಂದು ಸಿಳ್ಳೆ, ಕುಂಟುತ್ತ. ಮಾಂಸದಂಗಡಿಯ ಮುದುಕ ಫುಲ್ಜಾನ್ಸ್! "ನಾನೂ ಹೊಡೆದಿದ್ದೆ ಬಿಡ್ರಪ್ಪ," ಎಂದ. ಅವನ ಹಿಂದೆಯೇ ಇನ್ನೊಂದು, ಮತ್ತೊಂದು.

ನಿರ್ದೇಶಕನ ಹೆಂಡತಿ ಆನ್ಸೆಲ್ಮ್‌ನತ್ತ ತಿರುಗಿದಳು. "ನೀವು, ಅಧ್ಯಕ್ಷರೇ?"

ಆನ್ಸೆಲ್ಮ್ ಇನ್ನೂ ಬಟ್ಟೆ ಸರಿಸದ ಫಲಕವನ್ನೊಮ್ಮೆ ನೋಡಿ, ಬೆರಳನ್ನು ಬಾಯಿಗಿಟ್ಟ. ಬರೀ ಗಾಳಿ ಬಂತು.

"ಅಭ್ಯಾಸ ತಪ್ಪಿದೆ," ಎಂದಳು ಗಿಸ್ಲೇನ್. "ಇನ್ನೊಂದ್ಸಲ ಹೊಡಿ."