ಮನೆಬಾವಿಯ ನೀರು, ಎಂಟು ವಾರ

ಎಲ್ನಾಳ ಮುತ್ತಜ್ಜ ನೀಲ್ಸ್, ಲುಂಡೆರೂಪ್ ಎಂಬ ಊರಿನ ದಿಬ್ಬದ ಮೇಲೆ ಬಾವಿ ತೋಡಿದವನು. ಎರಡು ಬೇಸಿಗೆ ಹಿಡಿಯಿತು. ಒಂದು ಗುದ್ದಲಿ, ಒಂದು ಹಗ್ಗ, ಹಗ್ಗ ಹಿಡಿಯಲು ಒಬ್ಬ ತಮ್ಮ. ಅಷ್ಟನ್ನೇ ನಂಬಿ ಆರು ಆಳು ಆಳಕ್ಕೆ ಇಳಿದು ನೀರು ಕಂಡ. ಅಜ್ಜ ಥೋರ್ವಾಲ್ ಅದಕ್ಕೆ ಕಲ್ಲಿನ ಕಟ್ಟೆ ಕಟ್ಟಿದ. ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ದೀಕ್ಷಾಸ್ನಾನಕ್ಕೂ ಆ ನೀರನ್ನೇ ತವರದ ಹೂಜಿಯಲ್ಲಿ ಚರ್ಚಿಗೆ ಹೊತ್ತೊಯ್ಯುವ ಪದ್ಧತಿ ಹಾಕಿದವನೂ ಅವನೇ. ಅಪ್ಪ ಓಲುಫ್ ಇಬ್ಬರಿಗಿಂತ ಹಟಮಾರಿ. ಊರವರೆಲ್ಲ ಸೇರಿ ನೀರಿನ ಸಂಘ ಕಟ್ಟಿ, ತಗ್ಗಿನಲ್ಲಿ ಕೊಳವೆಬಾವಿ ಕೊರೆಸಿ, ಮನೆಮನೆಗೂ ಕೊಳಾಯಿ ಎಳೆದಾಗ ಓಲುಫ್ ಅದನ್ನು ದನದ ಕೊಟ್ಟಿಗೆಯ ತನಕ ಮಾತ್ರ ಬರಗೊಟ್ಟ. "ಕೊಳವೆಯೊಳಗೆ ಮಲಗಿದ್ದು ಸತ್ತ ನೀರು. ದನಕ್ಕೆ ಸಾಕು," ಅಂದ. ಅಂದಿನಿಂದ ಆ ಮನೆಯಲ್ಲಿ ದನಗಳಿಗೆ ಊರ ನೀರು, ಮನುಷ್ಯರಿಗೆ ಬಾವಿ ನೀರು.

ಎಲ್ನಾ ಆ ಮನೆಯ ಒಬ್ಬಳೇ ಮಗಳು. ಬಾವಿಯ ಜಂಬ ಅವಳಿಗೆ ತಾಯಿಹಾಲಿನ ಜೊತೆಗೇ ಬಂದದ್ದು. ವರ್ಷಕ್ಕೊಮ್ಮೆ ನೀರಿನ ಸಂಘದ ಸಭೆಗೆ ಹೋಗುವಾಗಲೂ ತನ್ನ ಕಾಫಿಯನ್ನು ತಾನೇ ಫ್ಲಾಸ್ಕಿನಲ್ಲಿ ಕೊಂಡೊಯ್ಯುತ್ತಿದ್ದಳು. ಸಂಘದ ಅಧ್ಯಕ್ಷ ಕ್ನುದ್, ಪಕ್ಕದ ಹೊಲದವನು, ಬಾಗಿಲಲ್ಲೇ ಕಾದಿರುತ್ತಿದ್ದ.

"ಬಂದ್ಲು ನೋಡ್ರಪ್ಪಾ ದಿಬ್ಬದ ಮಹಾರಾಣಿ! ನಮ್ಮ ನೀರು ಕುಡಿದ್ರೆ ಇವಳಿಗೂ ಕೊಂಬು ಮೂಡುತ್ತಂತೆ."

"ಕೊಂಬು ಮೂಡಿದ್ರೆ ಮೂಡ್ಲಿ ಬಿಡು ಕ್ನುದ್. ನಿನ್ನ ಹಾಗೆ ತಲೆಯೊಳಗಿರೋದು ಕರಗಿ ಹೋಗದಿದ್ರೆ ಸಾಕು."

ಸಭೆ ನಗುತ್ತಿತ್ತು. ಮೂವತ್ತು ವರ್ಷ ಇದೇ ಮಾತು, ಇದೇ ನಗು.

ಸೆಪ್ಟೆಂಬರಿನ ಒಂದು ಮಂಗಳವಾರ ಓಡೆನ್ಸೆಯ ಆಸ್ಪತ್ರೆಯಲ್ಲಿ ಆ ಜಂಬಕ್ಕೆ ಕೊಡಲಿ ಬಿತ್ತು. ಬಸುರಿ ಮಗಳು ಸಿಗ್ನೆಗೆ ಇಪ್ಪತ್ತು ವಾರ ತುಂಬಿತ್ತು. ಅಳಿಯ ಮೊರ್ಟೆನ್ ಹಡಗಿನ ಕೆಲಸದವನು, ಆ ತಿಂಗಳು ಸಮುದ್ರದ ಮೇಲಿದ್ದ. ಹಾಗಾಗಿ ಸ್ಕ್ಯಾನಿಗೆ ಜೊತೆಗೆ ಹೋದವಳು ಎಲ್ನಾ.

ವೈದ್ಯೆ ಮೊದಮೊದಲು ಹರಟುತ್ತಿದ್ದಳು. ಇದು ಕಾಲು, ಇದು ಮೂಗು, ಅಜ್ಜಿಯ ಮೂಗೇ ಅಂತ ಕಾಣುತ್ತೆ. ಆಮೇಲೆ ಮಾತು ನಿಂತಿತು. ಕೈಯೂ ಒಂದೇ ಕಡೆ ನಿಂತಿತು. ಎಲ್ನಾ ಕೊಟ್ಟಿಗೆಯಲ್ಲಿ ಹಸು ಈಯುವುದನ್ನು ನೂರು ಸಲ ಕಂಡವಳು. ದನದ ವೈದ್ಯ ಮಾತು ನಿಲ್ಲಿಸಿದರೆ ಏನರ್ಥವೆಂದು ಅವಳಿಗೆ ಗೊತ್ತು.

ಮಗುವಿನ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಗೋಡೆ ಪೂರ್ತಿ ಎದ್ದಿರಲಿಲ್ಲ. ರಕ್ತ ಹೊರಗೆ ಹೋಗುವ ನಾಳವೂ ಕಿರಿದು. ಹುಟ್ಟಿದ ಮೇಲೆ ಎದೆ ತೆರೆದು ಸರಿಪಡಿಸಬೇಕಾಗುತ್ತದೆ, ಎಷ್ಟೋ ಮಕ್ಕಳು ಚೆನ್ನಾಗಿ ಬದುಕುತ್ತಾರೆ ಎಂದಳು ವೈದ್ಯೆ. ಎಲ್ಲರೂ ಬದುಕುತ್ತಾರೆ ಎನ್ನಲಿಲ್ಲ. ಎಲ್ನಾ ಅದನ್ನು ಗಮನಿಸಿದಳು.

"ಮನೆತನದಲ್ಲಿ ಯಾರಿಗಾದ್ರೂ ಹೀಗಿತ್ತಾ?" ಅಂತ ವೈದ್ಯೆ ಕೇಳಿದಳು.

"ಇಲ್ಲ," ಅಂದಳು ಎಲ್ನಾ. ಆಮೇಲೆ, "ನನ್ನ ಮೊದಲನೇ ಮಗ ಒಬ್ಬ ಇದ್ದ. ಒಂಬತ್ತು ದಿನ. ತುಟಿ ನೀಲಿ ಇತ್ತು. ಆಗೆಲ್ಲ ಬಲ ಇಲ್ಲದ ಕೂಸು ಅಂತಿದ್ರು, ಅಷ್ಟೆ," ಅಂದಳು.

ಸಿಗ್ನೆ ತಿರುಗಿ ನೋಡಿದಳು. ಮೂವತ್ತೆರಡು ವರ್ಷದಲ್ಲಿ ಅವಳಿಗೆ ಅಣ್ಣನ ಗೋರಿ ಗೊತ್ತಿತ್ತು, ನೀಲಿ ತುಟಿ ಗೊತ್ತಿರಲಿಲ್ಲ.

ವೈದ್ಯೆ ಬರೆದುಕೊಂಡಳು. ಸಕ್ಕರೆ ಕಾಯಿಲೆ? ಇಲ್ಲ. ಸಿಗರೇಟು? ಇಲ್ಲ. ಜ್ವರ, ಮಾತ್ರೆ? ಇಲ್ಲ. "ಕುಡಿಯೋ ನೀರು ನಗರದ್ದಾ?"

"ನಮ್ಮ ಸ್ವಂತ ಬಾವಿದು," ಎಲ್ನಾಳ ಬಾಯಿ ಅಭ್ಯಾಸದಂತೆ ಮುಂದೆ ಓಡಿತು. "ಇವಳ ಮನೆ ಚಾವಣಿ ರಿಪೇರಿಗೆ ಬಿಚ್ಚಿದ್ರು ನೋಡಿ, ಈಸ್ಟರ್ ಕಳೆದ ಮೇಲೆ ಎಂಟು ವಾರ ನನ್ನ ಹತ್ರಾನೇ ಇದ್ಲು. ವಾಕರಿಕೆ, ಕಾಫಿ ಹತ್ತಿರ ಸೇರಿಸ್ತಿರಲಿಲ್ಲ. ನಾನೇ ಹೂಜಿಗಟ್ಟಲೆ ಕುಡಿಸಿದೆ. ಈಗಲೂ ಭಾನುವಾರ ಭಾನುವಾರ ಕ್ಯಾನು ತುಂಬಿ ಕೊಡ್ತೀನಿ."

"ಎಂದಾದ್ರೂ ಪರೀಕ್ಷೆ ಮಾಡಿಸಿದ್ರಾ?"

"ನೂರು ವರ್ಷದ ಬಾವಿ. ಅದಕ್ಯಾತರ ಪರೀಕ್ಷೆ?"

"ಮಾಡಿಸಿಬಿಡಿ. ಹೃದಯ ಕಟ್ಟಿಕೊಳ್ಳೋದು ತೀರಾ ಮೊದಲು. ಬಸುರಿ ಅಂತ ತಿಳಿಯೋ ಹೊತ್ತಿಗೆ ಕೆಲಸ ಶುರುವಾಗಿರುತ್ತೆ, ಹತ್ತನೇ ವಾರಕ್ಕೆಲ್ಲ ಗೋಡೆ ಎದ್ದಿರಬೇಕು. ಹಳೇ ಬಾವಿಗಳಲ್ಲಿ ಹೊಲದ ಗೊಬ್ಬರ, ಗ್ರೀಸ್ ತೊಳೆಯೋ ದ್ರವ ಸಿಗೋದುಂಟು. ಅಂಥ ನೀರು ಕುಡಿದ ತಾಯಂದಿರ ಮಕ್ಕಳಲ್ಲಿ ಈ ತೊಂದರೆ ಜಾಸ್ತಿ ಅಂತ ಕೆಲವರು ಕಂಡಿದ್ದಾರೆ, ಕೆಲವರು ಕಂಡಿಲ್ಲ. ಈ ಒಂದು ಮಗುವಿಗೆ ಇದರಿಂದಲೇ ಆಯ್ತು ಅಂತ ಯಾರೂ ಹೇಳೋಕಾಗಲ್ಲ. ಬಹಳ ಸಲ ಕಾರಣ ಸಿಗೋದೇ ಇಲ್ಲ."

ಗ್ರೀಸ್ ತೊಳೆಯುವ ದ್ರವ ಎಂಬುದರ ಆಚೆ ಎಲ್ನಾಗೆ ಒಂದು ಮಾತೂ ಕೇಳಿಸಲಿಲ್ಲ. ಆ ಬಿಳಿ ಕೋಣೆಯಲ್ಲಿ, ಮೂವತ್ತು ವರ್ಷ ಹಿಂದಿನ ಒಂದು ಸಿಹಿ ವಾಸನೆ ಅವಳ ಮೂಗಿಗೆ ತುಂಬಿಕೊಂಡಿತು.

ಗಂಡ ಏಗಿಲ್ ಟ್ರ್ಯಾಕ್ಟರ್ ರಿಪೇರಿಯವನು. ಸತ್ತು ಆರು ವರ್ಷವಾಗಿತ್ತು. ಕೊಟ್ಟಿಗೆಯ ಹಿಂದಿನ ಅವನ ಶೆಡ್ಡಿನಲ್ಲಿ ಒಂದು ತೊಟ್ಟಿ, ತೊಟ್ಟಿಯ ತುಂಬ ಟ್ರೈಕ್ಲೋರ್ ಎಂಬ ದ್ರವ. ಕಪ್ಪು ಗ್ರೀಸು ಮೆತ್ತಿದ ಯಂತ್ರದ ಬಿಡಿಭಾಗವನ್ನು ಅದರಲ್ಲಿ ಅದ್ದಿದರೆ ಕಾದ ಬಾಣಲೆಯ ಬೆಣ್ಣೆಯ ಹಾಗೆ ಗ್ರೀಸು ಜಾರುತ್ತಿತ್ತು. ದ್ರವ ಕೊಳೆಯಾದಾಗ ಹೊರಗೆ ಚೆಲ್ಲಬೇಕು. ಬಗ್ಗಿ ಮೊಗೆದರೆ ಏಗಿಲನಿಗೆ ತಲೆ ಸುತ್ತು. "ನೀನು ಗಟ್ಟಿ ಕಣೇ, ನೀನೇ ಎತ್ತು," ಅನ್ನುತ್ತಿದ್ದ. ಎಲ್ನಾ ಎತ್ತುತ್ತಿದ್ದಳು. ಶನಿವಾರ ಶನಿವಾರ, ಹನ್ನೊಂದು ವರ್ಷ, ಬಕೆಟ್ಟು ಹೊತ್ತು ಅಂಗಳದ ಜಲ್ಲಿಯ ಮೇಲೆ ಸುರಿಯುತ್ತಿದ್ದಳು. ಸುರಿದಲ್ಲಿ ಒಂದು ಕಳೆ ಏಳುತ್ತಿರಲಿಲ್ಲ. ಜಲ್ಲಿ ಬಾಚಣಿಗೆಯಲ್ಲಿ ಬಾಚಿದಂತಿರುತ್ತಿತ್ತು. ಊರವರು ಬಂದು ಹೊಗಳುತ್ತಿದ್ದರು. ಆ ಜಲ್ಲಿಯಿಂದ ಬಾವಿಗೆ ಇಪ್ಪತ್ತು ಹೆಜ್ಜೆ.

ಬಸ್ಸಿಳಿದು ಬಂದವಳು ಆ ಇಪ್ಪತ್ತು ಹೆಜ್ಜೆಯನ್ನು ನಡೆದು ನೋಡಿದಳು. ಹತ್ತೊಂಬತ್ತೇ ಆಯಿತು. ಬಾವಿಯ ಕಟ್ಟೆ ಮುಟ್ಟಲು ಕೈ ಬರಲಿಲ್ಲ. ಒಳಗೆ ಬಗ್ಗಿ ನೋಡಲಂತೂ ಎದೆ ಸಾಲಲಿಲ್ಲ. ಕೆಳಗೆ ಯಾರೋ ಮೇಲೆ ನೋಡುತ್ತಾ ಕೂತಿರುವಂತೆ. ಮರುದಿನ ಕ್ನುದ್‌ನನ್ನು ಕರೆದು ಎರಡು ಬಾಟಲಿ ನೀರು ಪ್ರಯೋಗಾಲಯಕ್ಕೆ ಕಳಿಸಿದಳು. ಯಾಕೆಂದು ಹೇಳಿದಳು, ಬಕೆಟ್ಟಿನ ಮಾತು ಮಾತ್ರ ಎತ್ತಲಿಲ್ಲ. ಕ್ನುದ್ ಅವತ್ತು ಮಹಾರಾಣಿ ಅನ್ನಲಿಲ್ಲ.

ಎರಡು ವಾರ ಕಾಯಬೇಕಿತ್ತು. ಎಲ್ನಾ ರೈ ಬ್ರೆಡ್ಡು ಕೊಯ್ಯುತ್ತಾ ಕೊಯ್ಯುತ್ತಾ ಚಾಕು ಹಿಡಿದೇ ನಿಂತುಬಿಡುವಳು. ನೀಲಿ ತುಟಿಯ ಮಗ ಹೊಟ್ಟೆಯಲ್ಲಿದ್ದಾಗ ತೊಟ್ಟಿ ಇತ್ತೇ? ಇತ್ತು. ಸಿಗ್ನೆ ಹೊಟ್ಟೆಯಲ್ಲಿದ್ದಾಗ? ಆಗಲೂ ಇತ್ತು. ಹಾಗಾದರೆ ಸಿಗ್ನೆ ಹೇಗೆ ಉಳಿದಳು? ಉತ್ತರ ಸಿಗುತ್ತಿರಲಿಲ್ಲ. ಮತ್ತೆ ಮೊದಲಿಂದ ಎಣಿಸುವಳು.

ಭಾನುವಾರ ಬಂತು. ಕ್ಯಾನು ಇಸಿದುಕೊಳ್ಳಲು ಸಿಗ್ನೆ ಬರುವ ದಿನ. ಆಸ್ಪತ್ರೆಯಲ್ಲಿ ನೀರಿನ ಮಾತು ಬಂದಾಗ ಅವಳು ಸ್ಕ್ಯಾನಿನ ಪರದೆಯನ್ನೇ ನೋಡುತ್ತಿದ್ದಳು, ಮನೆಬಾವಿಯ ಮೇಲೆ ಅವಳಿಗೂ ಅಮ್ಮನಷ್ಟೇ ನಂಬಿಕೆ. ಫಲಿತಾಂಶ ಬರುವ ತನಕ ಬೇರೆ ನೀರು ಕುಡಿ ಎಂದರೆ ಯಾಕೆ ಎಂದು ಕೇಳುತ್ತಾಳೆ. ಕೇಳಿದರೆ ಬಕೆಟ್ಟಿನ ತನಕ ಹೋಗುತ್ತದೆ. ಎಲ್ನಾ ಕ್ಯಾನನ್ನು ಕುದಿನೀರಲ್ಲಿ ಮೂರು ಸಲ ತೊಳೆದು, ಕೊಟ್ಟಿಗೆಗೆ ಹೋಗಿ, ದನದ ಕೊಳಾಯಿ ತಿರುಗಿಸಿ ಕ್ಯಾನು ತುಂಬಿದಳು. ಓಲುಫನ ಮಗಳು ಸತ್ತ ನೀರು ಹಿಡಿಯುವುದನ್ನು ಒಂದು ಹಸು ಕತ್ತು ತಿರುಗಿಸಿ ನೋಡಿತು.

ಸಿಗ್ನೆ ಒಂದು ಲೋಟ ಕುಡಿದು ಹುಬ್ಬು ಗಂಟಿಕ್ಕಿದಳು. "ಅಮ್ಮಾ, ರುಚಿ ಬೇರೆ ಇದೆಯಲ್ಲ?"

"ಮಳೆ ಜಾಸ್ತಿ ಆಯ್ತಲ್ಲ ಈ ಸಲ, ಅದಕ್ಕೇ."

"ಹೂಂ." ಸಿಗ್ನೆ ಲೋಟ ತಿರುಗಿಸುತ್ತಾ ಕೂತಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಅಮ್ಮಾ, ಒಂದು ಹೇಳ್ತೀನಿ, ಬಯ್ಬೇಡ. ಈಸ್ಟರ್ ಆದ ಮೇಲೆ ಗೆಳತಿ ಮದುವೆ ಇತ್ತಲ್ಲ. ಎರಡು ಗ್ಲಾಸ್ ವೈನ್ ಕುಡಿದೆ. ಬಸುರಿ ಅಂತ ಗೊತ್ತಿರ್ಲಿಲ್ಲ ಕಣಮ್ಮ. ಅದರಿಂದ್ಲೇ ಇರ್ಬೇಕು. ನಾನೇ ಅದರ ಎದೆ ತೂತು ಮಾಡಿದೆ. ಮೊರ್ಟೆನ್‌ಗೆ ಹೇಗೆ ಹೇಳ್ಲಿ?"

ಹೇಳು, ಈಗಲೇ ಹೇಳು ಎಂದು ಎಲ್ನಾಳ ಒಳಗೆ ಒಂದು ದನಿ ಚೀರುತ್ತಿತ್ತು. ಹೊರಗೆ ಬಂದದ್ದು, "ಹುಚ್ಚಿ, ಹಾಗೆಲ್ಲ ಆಗಲ್ಲ, ಸುಮ್ನಿರು," ಅಷ್ಟೇ. ಮಗಳು ಕ್ಯಾನು ಹೊತ್ತು ಹೊರಟಳು. ಆ ಬೆನ್ನು ನೋಡುತ್ತಾ, ಇವಳ ಮುಂದೆ ಬಾಯಿ ಬಿಡುವುದಕ್ಕಿಂತ ಬಾವಿಗೆ ಇಳಿಯುವುದು ಸುಲಭ ಅನ್ನಿಸಿತು ಎಲ್ನಾಗೆ.

ಎರಡನೇ ವಾರದ ಗುರುವಾರ, ಬೆಳಿಗ್ಗೆ ಹತ್ತೂವರೆಗೆ, ಕ್ನುದ್ ಲಕೋಟೆ ಹಿಡಿದು ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಹೆಣದ ಮನೆಗೆ ಬಂದವನ ಹಾಗೆ.

"ಟ್ರೈಕ್ಲೋರ್," ಅಂದ. "ಒಂದು ಇರಬಹುದು ಅನ್ನೋ ಕಡೆ ನೂರ ನಲವತ್ತು ಇದೆ. ತಗ್ಗಿನ ನಮ್ಮ ಕೊಳವೆಬಾವಿ ಚೊಕ್ಕಟ. ಅದು ಬೇರೆ ಪದರ, ಆಳದ್ದು. ನಿನ್ನದು ಮಾತ್ರ."

ಎಲ್ನಾಗೆ ಇದು ಗೊತ್ತಿದ್ದದ್ದೇ. ಆದರೂ ಗೊತ್ತಿದ್ದದ್ದಕ್ಕೂ ಕಾಗದದ ಮೇಲೆ ಇದ್ದದ್ದಕ್ಕೂ ನಡುವೆ ಬೀಳಲು ಇನ್ನೂ ಎಷ್ಟು ಆಳವಿತ್ತು!

"ಕೇಳು ಎಲ್ನಾ," ಕ್ನುದ್ ಪಿಸುಗುಟ್ಟಿದ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. "ಸರ್ಕಾರದವರು ಬಂದು ಎಲ್ಲಿಂದ ಅಂತ ಕೇಳ್ತಾರೆ. ದಿಬ್ಬದ ಹಿಂದೆ ಹಳೇ ಜಲ್ಲಿ ಗುಂಡಿ ಇದೆಯಲ್ಲ, ರಸ್ತೆಯವರು ಏನೇನೋ ಹಾಕಿ ಮುಚ್ಚಿದ್ದು. ಅದಕ್ಕೆ ಹೊರಿಸಿಬಿಡೋಣ. ನಾನು ಅಧ್ಯಕ್ಷ, ನನ್ನ ಮಾತು ನಂಬ್ತಾರೆ. ಏಗಿಲ್ ಹೆಸರು ಯಾಕೆ ಈಗ?"

"ಏಗಿಲ್ ಅಲ್ಲ. ಸುರಿದವಳು ನಾನು."

"ಗೊತ್ತು. ನೋಡಿದ್ದೀನಿ." ಕ್ನುದ್ ಟೋಪಿಯ ಅಂಚು ಹಿಸುಕಿದ. "ನಾನೂ ಎರಡು ಬಕೆಟ್ ಕೇಳಿ ತಗೊಂಡು ಹೋಗಿದ್ದೆ, ನಮ್ಮ ಅಂಗಳದ ಕಳೆಗೆ. ಮರೆತ್ಯಾ?"

ಎಲ್ನಾ ಮರೆತಿರಲಿಲ್ಲ. ಅವನ ಮುಖ ನೋಡಿದಳು. ಮೂವತ್ತು ವರ್ಷ ಕೀಟಲೆ ಮಾಡಿದ ಮುಖದ ಮೇಲೆ ತನ್ನದೇ ಭಯ ಕೂತಿತ್ತು.

"ನಿನ್ನಿಂದ ಹೇಳೋಕಾಗದಿದ್ರೆ ನಾನು ಹೇಳ್ತೀನಿ ಸಿಗ್ನೆಗೆ," ಅಂದ ಅವನು. "ಗುಂಡಿಯ ಕತೆನೋ, ನಿಜಾನೋ, ನೀನು ಹೇಳಿದ ಹಾಗೆ. ಕಾರು ಹೊರಗಿದೆ. ನೀನು ಕಾರಲ್ಲೇ ಕೂತಿರು, ನಾನು ಒಳಗೆ ಹೋಗಿ ಮಾತಾಡಿ ಬರ್ತೀನಿ."

ಎಲ್ನಾ ಎದ್ದು ಕೋಟು ಹಾಕಿಕೊಂಡಳು. ಕೋಟಿನ ಗುಂಡಿ ಎರಡು ಸಲ ತಪ್ಪಿತು. ಲಕೋಟೆಯನ್ನು ಕೈಚೀಲಕ್ಕೆ ಹಾಕಿದಳು.

"ಬೇಡ ಕ್ನುದ್. ನಿನ್ನ ಕತೆಯೂ ಬೇಡ, ಕಾರೂ ಬೇಡ. ಹನ್ನೊಂದಕ್ಕೆ ಬಸ್ಸಿದೆ, ನಾನೇ ಹೋಗಿ ಹೇಳ್ತೀನಿ. ನಂಗೆ ಹೆದರಿಕೆ ಆಗ್ತಿದೆ, ಹೌದು. ಆದ್ರೆ ಅಲ್ಲಿ ನನ್ನ ಮಗಳು ಎರಡು ಗ್ಲಾಸ್ ವೈನಿಗೆ ಅಳ್ತಾ ಕೂತಿದ್ದಾಳೆ. ನೀನು ಎದುರಿಗಿದ್ರೆ ಪಕ್ಕದ ಮನೆಯವನು ಅಂತ ನನ್ನ ಬಯ್ಯೋಕೆ ಸಂಕೋಚ ಪಡ್ತಾಳೆ. ಅವಳು ಬಯ್ಬೇಕು. ದಾರಿ ಬಿಡು."