ಮೂರು ದಿನ ಮುದ್ದೆ ಇಲ್ಲ

ಅಂಡಮಾನ್ ಪ್ರವಾಸದ ಯೋಜನೆ ಬರೆಯಲು ಕೂತಾಗ ಶಶಿರೇಖ ಮೊದಲ ಪುಟದಲ್ಲಿ ಸಮುದ್ರದ ಬಗ್ಗೆ ಏನೂ ಬರೆಯಲಿಲ್ಲ, ಹಸುಗಳ ಬಗ್ಗೆ ಬರೆದಳು. ಹೊರಟವರು ಹನ್ನೊಂದು ಹೆಂಗಸರು, ಅವರ ಮನೆಗಳಲ್ಲಿ ಹಾಲು ಕೊಡುವ ಹಸುಗಳು ಹದಿನಾಲ್ಕು. ಆ ದಿನಗಳಲ್ಲಿ ಯಾವ ಹಸುವಿನ ಕೆಳಗೆ ಯಾರು ಕೂರಬೇಕು ಎನ್ನುವುದು ತೀರ್ಮಾನವಾಗದೆ ಟಿಕೆಟ್ ತೆಗೆದು ಪ್ರಯೋಜನವಿರಲಿಲ್ಲ.

ಬೂದಿಕೋಟೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಆ ಹಳ್ಳಿಯ ಮಹಿಳಾ ಹಾಲಿನ ಸಂಘಕ್ಕೆ ಅವಳು ಕಾರ್ಯದರ್ಶಿ. ಊರವರ ಬಾಯಲ್ಲಿ ಸಂಘ ಎಂದರೆ ಡೈರಿ, ಅವಳು ಡೈರಿ ಶಶಿ. ಆಂಡರ್ಸನ್‌ಪೇಟೆಯಲ್ಲಿ ಹುಟ್ಟಿ, ಕೆಜಿಎಫ್‌ನಲ್ಲೇ ಬಿ.ಎಸ್ಸಿ. ಓದಿ, ಸುಧಾಕರನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ ಡೈರಿಯ ಬಾಗಿಲು ತೆಗೆದು, ಒಬ್ಬೊಬ್ಬರ ಹಾಲನ್ನೂ ಅಳೆದು, ಯಂತ್ರಕ್ಕೆ ಹಾಕಿ ಅದರ ಕೊಬ್ಬಿನಂಶ ನೋಡಿ ಚೀಟಿ ಕೊಡುವುದು ಅವಳ ಕೆಲಸ. ಜನ ಅದನ್ನು ಫ್ಯಾಟು ಎನ್ನುತ್ತಾರೆ. ಯಾರ ಮನೆಯ ಹಾಲಿನ ಫ್ಯಾಟು ಎಷ್ಟು ಬರುತ್ತದೆಂದು ಅವಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು.

ಪ್ರವಾಸದ ಮಾತು ಎತ್ತಿದ್ದು ಅವಳಲ್ಲ, ಅವಳ ಅತ್ತೆ ಗಂಗರತ್ನಮ್ಮ. ಹಿಂದಿನ ವರ್ಷ ಸಂಘದ ಸಭೆಯಲ್ಲಿ ಎಲ್ಲಿಗೆ ಹೋಗೋಣವೆಂದು ಕೇಳಿದಾಗ ಎಲ್ಲರೂ ತಿರುಪತಿ, ಧರ್ಮಸ್ಥಳ ಎಂದಿದ್ದರು. ಯಾವ ಸಭೆಯಲ್ಲೂ ಬಾಯಿ ತೆರೆಯದ ಗಂಗರತ್ನಮ್ಮ ಹಿಂದಿನ ಸಾಲಿನಿಂದ, "ಸುತ್ತ ನೀರು ಇರೋ ಊರು ಐತಂತಲ್ಲ, ಅಲ್ಲಿಗೆ ಓಗಾನ," ಎಂದರು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಯಾರಿಗೂ ಬೇರೆ ಊರು ರುಚಿಸಲಿಲ್ಲ.

ಗಂಗರತ್ನಮ್ಮ ಈ ಮನೆಗೆ ಬಂದು ಮೂವತ್ತನಾಲ್ಕು ವರ್ಷ. ಅಷ್ಟೂ ವರ್ಷ ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸು ಒಂದಾದರೂ ಇತ್ತು. ದಿನಕ್ಕೆ ಎರಡು ಸಲ ಎಂದರೆ ಇಪ್ಪತ್ನಾಲ್ಕು ಸಾವಿರದ ಎಂಟುನೂರು ಸಲ. ಶಶಿರೇಖ ಒಮ್ಮೆ ಲೆಕ್ಕ ಹಾಕಿ ಹೇಳಿದ್ದಳು. ಅತ್ತೆ ಅದನ್ನು ತಿದ್ದಿದರು. "ಸುಧಾಕರ ಉಟ್ಟಿದಾಗ ಅನ್ನೊಂದು ದಿನ ನಮ್ಮತ್ತೆ ಕರೆದ್ರು. ನಮ್ಮಮ್ಮ ಸತ್ತಾಗ ಮೂರು ದಿನ. ಅದು ಕಳಿ." ಕಳೆದ ಮೇಲೆ ಉಳಿದದ್ದು ಅವರ ಜೀವನ. ಸಮುದ್ರ ಇರಲಿ, ಬಂಗಾರಪೇಟೆಯಿಂದ ರೈಲು ಹತ್ತಿ ಮದರಾಸಿನ ಕಡೆ ಹೋದವರೂ ಅಲ್ಲ.

ದ್ವೀಪದಲ್ಲಿ ಇರುವುದು ಶುಕ್ರ, ಶನಿ, ಭಾನುವಾರ. ರಾತ್ರಿ ಅಡುಗೆಮನೆಯ ನೆಲದ ಮೇಲೆ ಅತ್ತೆ ಸೊಸೆ ಕೂತು ಗಂಟೆಗಂಟೆಯ ಪಟ್ಟಿ ಮಾಡಿದರು. ಬೆಳಗ್ಗೆ ಆರೂವರೆಯಿಂದ ಏಳೂವರೆ ಸಮುದ್ರ, ಬಿಸಿಲು ಏರುವ ಮುಂಚೆ. ಹತ್ತಕ್ಕೆ ಗಾಜಿನ ತಳದ ದೋಣಿ. ಮಧ್ಯಾಹ್ನ ಮೀನೂಟ, ಮೀನು ಮುಟ್ಟದ ನಾಲ್ವರಿಗೆ ಮೂರೂ ದಿನ ಪುಳಿಯೋಗರೆ. ಬೆಳಗಿನ ತಿಂಡಿಗೆ ಮನೆಯಿಂದಲೇ ಒಯ್ಯುವ ಅವಲಕ್ಕಿ, ರಾತ್ರಿಗೆ ಚಪಾತಿ, ಕಡ್ಲೆಬೀಜದ ಚಟ್ನಿಪುಡಿ.

"ರಾಗಿ ಇಟ್ಟು ಆರು ಕೆಜಿ ಬರ್ಕೊ," ಎಂದರು ಗಂಗರತ್ನಮ್ಮ.

"ಲಾಡ್ಜಲ್ಲಿ ಒಲೆ ಹಚ್ಚೋಕೆ ಬಿಡಲ್ಲ ಅತ್ತೆ. ಮೂರು ದಿನ ಮುದ್ದೆ ಇಲ್ಲ."

"ಮುದ್ದೆ ಇಲ್ದೆ ಮೂರು ದಿನವಾ?" ಆಮೇಲೆ ಒಬ್ಬರೇ ನಕ್ಕರು. "ಬರಿ, ದೊಡ್ದಾಗಿ ಬರಿ. ಮೂರು ದಿನ ಯಾವಳೂ ಕೋಲು ತಿರುವಂಗಿಲ್ಲ ಅಂತ."

ಶಶಿರೇಖ ಪಟ್ಟಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಮೂರು ದಿನ ಮುದ್ದೆ ಇಲ್ಲ’ ಎಂದು ಬರೆದಳು. ಅಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ ಎಂದೂ ಹೇಳಿದಳು. ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಮನೆಯ ಹಸು ಚುಕ್ಕಿಯ ಸಂಜೆಯ ಕರೆತವೂ ಆ ಹೊತ್ತಿಗೇ ಇದ್ದುದರಿಂದ ಗಂಗರತ್ನಮ್ಮನಿಗೆ ಇದು ಸಮಾಧಾನವಾಯಿತು. "ಆ ಒತ್ತಿಗೆ ಚುಕ್ಕಿ ಕೆಳಗೆ ಕೂರ್ದಿದ್ರೆ ನನ್ ಕೈ ಸುಮ್ನಿರಲ್ಲ. ಕತ್ಲಾದ್ರೆ ಒಳ್ಳೇದೇ ಬಿಡು."

ಒದ್ದೆ ಸೀರೆ ಒಣಗಿಸಲು ಎರಡು ಹಗ್ಗ ಎಂದು ಪಟ್ಟಿಗೆ ಸೇರಿಸಿದ್ದೂ ಅವರೇ. ಆಂಡರ್ಸನ್‌ಪೇಟೆಗೆ ಹೋಗಿ, ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಕೊಂಡರು. ಅಂಗಡಿಯ ಸುಬ್ರಮಣಿ, "ಅಲೆ ಕಾಲನ್ನ ಎಳಕೊಂಡು ಹೋದ್ರೂ ಚಪ್ಪಲಿ ಬಿಡಲ್ಲಮ್ಮ," ಎಂದ. "ಕಾಲೋದ್ಮೇಲೆ ಚಪ್ಲಿ ನೀನೇ ಇಟ್ಕೊ," ಎಂದರು ಗಂಗರತ್ನಮ್ಮ.

ಉಳಿದದ್ದು ಚುಕ್ಕಿಯ ವಿಷಯ. ಕರೆಯುವ ಕೈ ಬದಲಾದರೆ ಹಸು ಹಾಲು ಬಿಡುವುದಿಲ್ಲ, ಏರಿಸಿಕೊಳ್ಳುತ್ತದೆ. ಚುಕ್ಕಿಯಂತೂ ಒಮ್ಮೆ ಕೆಚ್ಚಲು ಬಾವು ಬಂದು ನೋವುಂಡ ಹಸು. ಪರರ ಕೈ ಸೋಕಿದರೆ ಒದೆಯುತ್ತಿತ್ತು. ಇದಕ್ಕೆ ಊರಲ್ಲಿ ಹಳೆಯ ಉಪಾಯವೊಂದಿದೆ: ಕರೆಯುವ ಹೆಂಗಸಿನ ಒಗೆಯದ ಹಳೇ ಸೀರೆಯನ್ನು ಹೊದ್ದುಕೊಂಡು ಕೂತರೆ, ಆ ವಾಸನೆಗೆ ಹಸು ಕೈಯನ್ನು ಒಪ್ಪಿಕೊಳ್ಳುತ್ತದೆ. ಹತ್ತು ಮನೆಗಳಲ್ಲಿ ಹಸು ನೋಡಿಕೊಳ್ಳುವವರು ಹದಿನೈದು ದಿನ ಮುಂಚೆಯೇ ಹೀಗೆ ಅಭ್ಯಾಸ ಶುರುಮಾಡಬೇಕೆಂದು ಶಶಿರೇಖ ಪಟ್ಟಿಯ ಮೊದಲ ಪುಟದಲ್ಲಿ ಬರೆದಿದ್ದಳು. ಅವಳ ಗಂಡ ಸುಧಾಕರ ಬೆಳಗಿನ ಜಾವ ರೈಲು ಹಿಡಿದು ಕೆಲಸಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುವವನು. ಹಾಗಾಗಿ ಚುಕ್ಕಿ ಅವಳ ಮಾವ ಮುನಿಸ್ವಾಮಪ್ಪನ ಪಾಲಿಗೆ ಬಂತು.

"ಆಗ್ಲಿ ಬಿಡು," ಎಂದಿದ್ದರು ಅವರು. ಮೊದಲ ನಾಲ್ಕು ದಿನ ಹೆಂಡತಿಯ ಹಸಿರು ಸೀರೆಯನ್ನು ತಲೆಯಿಂದ ಮಂಡಿಯವರೆಗೂ ಹೊದ್ದು, ಬೈದುಕೊಳ್ಳುತ್ತಲೇ ಕರೆದರು. ಚುಕ್ಕಿ ಎರಡು ಸಲ ಒದೆಯಿತು, ಮೂರನೆಯ ಸಲ ಮೂಸಿ ನೋಡಿತು, ಆಮೇಲೆ ಮೆಲುಕು ಹಾಕುತ್ತ ನಿಂತಿತು. ಐದನೆಯ ದಿನ ಬೆಳಗ್ಗೆ ಪಕ್ಕದ ಮನೆಯ ಜಯರಾಮಪ್ಪ ಹುಲ್ಲು ಕೇಳಲು ಬಂದವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟರು.

"ಏನ್ ಮುನಿಸ್ವಾಮಪ್ಪ, ಸೆರಗು ಜಾರ್ತೈತೆ ನೋಡ್ಕೊಳ್ಲಾ!"

ಡೈರಿಯ ಸಾಲಿನಲ್ಲಿ ಹಾಲಿನ ಕ್ಯಾನ್ ಹಿಡಿದು ನಿಂತವರಿಗೆಲ್ಲ ಅದು ಆ ಹೊತ್ತಿಗೇ ತಲುಪಿತ್ತು. "ಮುನಿಸ್ವಾಮಕ್ಕ ಬಂದ್ರು, ದಾರಿ ಬಿಡ್ರಪ್ಪ," ಎಂದರು ಯಾರೋ. ಮುನಿಸ್ವಾಮಪ್ಪ ಎಲ್ಲರೊಂದಿಗೆ ನಕ್ಕರು. ಶಶಿರೇಖಳೂ ನಕ್ಕಳು.

ಆ ದಿನ ಸಂಜೆಯಿಂದ ಚುಕ್ಕಿಯ ಹಾಲು ಇಳಿಯಿತು.

ಮೊದಲು ಅವಳು ಅದನ್ನು ಹಸುವಿನ ಹಟ ಎಂದೇ ತಿಳಿದಳು. ಆದರೆ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅದು ಸರಿಹೊಂದಲಿಲ್ಲ. ಮೊದಲ ನಾಲ್ಕು ದಿನದ ಸಂಜೆಯ ಫ್ಯಾಟು 4.1, 4.0, 4.1, 4.1. ಆಮೇಲೆ 3.2, 3.1, 3.0. ಒಂದು ಕರೆತದಲ್ಲಿ ಮೊದಲು ಬರುವ ಹಾಲು ತೆಳು, ಕೊನೆಯದು ಗಟ್ಟಿ. ಕೊಬ್ಬೆಲ್ಲ ಕೊನೆಯ ಹಾಲಿನಲ್ಲೇ ಇರುವುದು. ಫ್ಯಾಟು ಹೀಗೆ ಬಿದ್ದಿದೆಯೆಂದರೆ ಕೊನೆಯ ಹಾಲು ಕೆಚ್ಚಲಲ್ಲೇ ಉಳಿಯುತ್ತಿದೆ. ಹೊಸ ಕೈಗೆ ಹಸು ಒಪ್ಪದಿದ್ದರೆ ಮೊದಲ ದಿನವೇ ಉಳಿಸಿಕೊಳ್ಳಬೇಕಿತ್ತು. ನಾಲ್ಕು ದಿನ ಒಪ್ಪಿ ಐದನೆಯ ದಿನ ಯಾಕೆ ಬಿಟ್ಟಿತು?

ಮರುದಿನ ಸಂಜೆ ಡೈರಿಯನ್ನು ಸಹಾಯಕಿಗೆ ಒಪ್ಪಿಸಿ ಅವಳು ಮನೆಗೆ ಬಂದಳು. ಹಸಿರು ಸೀರೆ ಕೊಟ್ಟಿಗೆಯ ಗೂಟದಲ್ಲಿ ಮಡಿಸಿದ ಮಡಿಕೆಯಲ್ಲೇ ನೇತಾಡುತ್ತಿತ್ತು. ಮುನಿಸ್ವಾಮಪ್ಪ ಬರೀ ಅಂಗಿಯಲ್ಲಿ ಕೂತಿದ್ದರು, ಚುಕ್ಕಿ ಒದೆಯಲೂ ಇಲ್ಲ. ಅದಕ್ಕೆ ಅವರ ಕೈ ರೂಢಿಯಾಗಿಬಿಟ್ಟಿತ್ತು. ಹಾಲು ಇನ್ನೂ ಸರಸರನೆ ಬೀಳುತ್ತಿರುವಾಗಲೇ ಅವರು ಬಿಂದಿಗೆ ಎತ್ತಿಕೊಂಡು ಎದ್ದರು. ಸೊಸೆಯನ್ನು ನೋಡಿ ಒಂದು ಕ್ಷಣ ನಿಂತರು.

"ಇಷ್ಟೇ ಕಣಮ್ಮ ನಂಗೆ ಕೊಡೋದು ಇದು," ಎಂದು ಹೇಳಿ ಹೋದರು.

ಅವಳು ಕದಲುವ ಮುಂಚೆ ಹಿಂಬಾಗಿಲಿನಿಂದ ಗಂಗರತ್ನಮ್ಮ ಬಂದರು, ಕೈಯಲ್ಲಿ ಸಣ್ಣ ಚೊಂಬು. ಸದ್ದಿಲ್ಲದೆ ಕೂತು ಉಳಿದ ಹಾಲನ್ನು ಕೊನೆಯ ಹನಿಯವರೆಗೂ ಹಿಂಡಿ ತೆಗೆದರು. ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಅದನ್ನು ಕರುವಿಗೆ ಕುಡಿಸಿದರು.

"ಅತ್ತೆ, ನಿಮಗೆ ಗೊತ್ತಾ?"

"ಕೆಚ್ಲು ಮುಟ್ಟಿದ್ರೆ ಗೊತ್ತಾಗಲ್ವೇನಮ್ಮ. ಐದ್ನೇ ದಿನದಿಂದ ಗೊತ್ತು."

"ಮತ್ತೆ ಕೇಳ್ಬೇಕಲ್ವಾ ಅವರನ್ನ?"

"ಕೇಳಿದ್ರೆ ಊರೆಲ್ಲ ನಗ್ತೈತೆ ಅಂತಾರೆ. ಅದು ನಿಜವೇ, ನಗ್ತೈತೆ." ಗಂಗರತ್ನಮ್ಮ ಚುಕ್ಕಿಯ ಬೆನ್ನು ಸವರಿದರು. "ನಾನೋದ್ರೆ ಆಮೇಲೆ ಇದ್ನ ಯಾರು ಇಂಡ್ತಾರೆ? ಮೂರು ದಿನ ಇಂಗೇ ಬಿಟ್ರೆ ಮತ್ತೆ ಬಾವು ಬತ್ತದೆ. ಅಲ್ಲಿ ನಾನು ಸಮುದ್ರ ನೋಡ್ತೀನಾ, ಇದ್ರ ಕೆಚ್ಲು ನೋಡ್ತೀನಾ?"

"ನಾನು ಉಳ್ಕೋತೀನಿ. ನೀವು ಹೋಗಿ."

"ನೀನು ಉಳಿದ್ರೆ ಇಮಾನದ ತಾವ ಅತ್ತು ಜನ ಯಾರ ಮಕ ನೋಡೋದು? ನಿನ್ ಕೈಗೆ ಇದು ಬಗ್ಗೋಕೆ ಇನ್ನೊಂದು ತಿಂಗ್ಳು ಬೇಕು."

ರಾತ್ರಿ ಊಟಕ್ಕೆ ಕೂತಾಗ ಶಶಿರೇಖ ಚೀಟಿಗಳನ್ನು ಮಾವನ ತಟ್ಟೆಯ ಪಕ್ಕ ಸಾಲಾಗಿ ಇಟ್ಟಳು. "ಮಾವ, ನಾಲ್ಕು ದಿನ ಸರಿಯಾಗೇ ಇತ್ತು. ಐದನೇ ದಿನದಿಂದ ಬಿದ್ದಿದೆ."

ಮುನಿಸ್ವಾಮಪ್ಪ ಚೀಟಿ ನೋಡಲಿಲ್ಲ. "ನನ್ನ ಯಾಕಮ್ಮ ಕೇಳ್ತೀಯ? ಅಸೂನ ಕೇಳು."

ಸುಧಾಕರ ಚೀಟಿಗಳ ಮೇಲೆ ಕಣ್ಣಾಡಿಸಿದ, ಅಪ್ಪನ ಮುಖ ನೋಡಿದ. ಅವನಿಗೆ ಅರ್ಥವಾಯಿತೆಂದು ಶಶಿರೇಖಳಿಗೆ ಗೊತ್ತಾಯಿತು. ಅವನು ಇನ್ನೊಂದು ತುತ್ತು ಮುದ್ದೆ ಮುರಿದುಕೊಂಡ.

"ಬಿಡಮ್ಮ ಶಶಿ," ಎಂದರು ಗಂಗರತ್ನಮ್ಮ. "ಸಾರು ಆರೋಯ್ತದೆ, ಉಣ್ಣು."

ಹೊರಡುವವರ ಪಟ್ಟಿಯಲ್ಲಿ ಮೊದಲನೆಯದಾಗಿದ್ದ ಅತ್ತೆಯ ಹೆಸರಿನ ಮೇಲೆ ಅವಳು ಗೆರೆ ಎಳೆದಳು. ಆ ಜಾಗಕ್ಕೆ, ಹೊರಟವರಲ್ಲಿ ಒಬ್ಬಳಾದ ರಾಧಾಮಣಿಯ ನಾದಿನಿ ಬಂದಳು.

ಗುರುವಾರ ಹೊರಡುವಾಗ ಗಂಗರತ್ನಮ್ಮ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿಯ ಡಬ್ಬಗಳನ್ನು ಆಟೋದಲ್ಲಿ ತಾವೇ ಜೋಡಿಸಿದರು. ಯಾವುದು ಯಾವ ದಿನಕ್ಕೆ ಎಂದು ಬೆರಳು ಮಡಿಸಿ ಹೇಳಿದರು. ಆಮೇಲೆ, "ಆ ಪಟ್ಟಿ ಇನ್ನೊಂದು ಐತಾ?" ಎಂದು ಕೇಳಿದರು. ಶಶಿರೇಖ ಒಂದು ಪ್ರತಿ ಕೊಟ್ಟಳು.

ದ್ವೀಪದಲ್ಲಿ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ದೋಣಿ ಸಮಯಕ್ಕೆ ಬಂತು, ಅವಲಕ್ಕಿ ಸಾಕಾಯಿತು, ಎರಡು ಹಗ್ಗದಲ್ಲಿ ಹನ್ನೊಂದು ಸೀರೆ ಒಣಗಿದವು. ಮೊದಲ ಅಲೆಗೇ ರಾಧಾಮಣಿಯ ಚಪ್ಪಲಿ ಒಂದು ಕೊಚ್ಚಿಹೋಯಿತು. "ಗಂಗಕ್ಕನ ಮಾತು ಕೇಳಿ ಪಟ್ಟಿ ಇರೋದು ತಗೋಬೇಕಿತ್ತು ಕಣೇ," ಎಂದು ಅವಳು ನಗುತ್ತ ಕೂಗಿದಳು. ಶನಿವಾರ ಬೆಳಗ್ಗೆ ಆರೂವರೆಗೆ ಶಶಿರೇಖ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಹಿಂದೆ ಸರಿಯುವ ಅಲೆ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತಿತ್ತು. ಅವಳು ಗಡಿಯಾರ ನೋಡಿಕೊಂಡಳು. ಈಗ ಅತ್ತೆ ಕೊಟ್ಟಿಗೆ ಗುಡಿಸುತ್ತಿರುತ್ತಾರೆ. ಏಳೂವರೆಗೆ ಎಲ್ಲರನ್ನೂ ಕರೆದು ಮೇಲೆ ಹತ್ತಿಸಿದಳು.

ಮಂಗಳವಾರ ನಸುಕಿಗೆ ಬಂಗಾರಪೇಟೆಯಲ್ಲಿ ರೈಲಿಳಿದು ಊರಿಗೆ ಬಂದಾಗ ಮುನಿಸ್ವಾಮಪ್ಪ ಜಗಲಿಯ ಮೇಲೆ ಕಾಯುತ್ತ ಕೂತಿದ್ದರು.

"ಬಂದ್ಯಾ ತಾಯಿ! ನಿಮ್ಮತ್ತೆ ಶುಕ್ರವಾರದಿಂದ ನಂಗೊಂದು ಮುದ್ದೆ ಆಕಿಲ್ಲ ಕಣಮ್ಮ. ಬೆಳಿಗ್ಗೆ ಅವಲಕ್ಕಿ, ಮಧ್ಯಾನ ಪುಳಿಯೋಗರೆ, ರಾತ್ರಿ ಚಪಾತಿ. ಮೂರು ದಿನ ಸಾಲಾಗಿ! ಕೇಳಿದ್ರೆ ಕಾಗ್ದ ತೋರಿಸ್ತಾಳೆ. ನಿನ್ನೆ ಕೇಳೋದೇ ಬಿಟ್ಟೆ, ಅನ್ನ ಉಂಡೆ."

ಕೊಟ್ಟಿಗೆಯ ಒಳಗಿನಿಂದ ಗಂಗರತ್ನಮ್ಮನ ದನಿ ಕೇಳಿತು, ಹಾಲಿನ ಸದ್ದು ನಿಲ್ಲಲಿಲ್ಲ. "ಮೂರು ದಿನ ನಾನು ಪ್ರವಾಸದಾಗಿದ್ದೆ. ಬರ್ದೈತಲ್ಲ ಅದ್ರಾಗೆ."

ಮುನಿಸ್ವಾಮಪ್ಪ ನಕ್ಕರು. ಜೊತೆಗೆ ಯಾರೂ ನಗದ್ದರಿಂದ ಬೇಗ ನಿಲ್ಲಿಸಿದರು.

ಶಶಿರೇಖ ಕೊಟ್ಟಿಗೆಗೆ ಹೋದಳು. ಅತ್ತೆಯ ಕಾಲಲ್ಲಿ ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ, ಸಗಣಿ ಮೆತ್ತಿತ್ತು. ಯೋಜನೆಯ ಕಾಗದ ಕಂಬಕ್ಕೆ ಮೊಳೆ ಹೊಡೆದು ಸಿಕ್ಕಿಸಿತ್ತು. ಹಲವು ಸಾಲುಗಳ ಮುಂದೆ ಇದ್ದಿಲಿನಲ್ಲಿ ಒಂದೊಂದು ಗೆರೆ. ಅವಲಕ್ಕಿಗೆ, ಪುಳಿಯೋಗರೆಗೆ, ಮಧ್ಯಾಹ್ನದ ನಿದ್ದೆಗೆ, ಸೀರೆ ಒಣಗಿಸುವುದಕ್ಕೆ. ಬೆಳಗ್ಗೆ ಆರೂವರೆಯ ಮುಂದೆ ಮೂರು ದಿನವೂ ಏನೂ ಇರಲಿಲ್ಲ. ದೋಣಿಯ ಮುಂದೆಯೂ ಇಲ್ಲ. ಮಾಡದ್ದಕ್ಕೆ ಗೆರೆ ಹಾಕುವ ಹೆಂಗಸಲ್ಲ ಅವರು.

"ಅತ್ತೆ, ಅಲ್ಲಿ ನೀರಲ್ಲಿ ನಿಂತ್ರೆ ಕಾಲ ಕೆಳಗೆ..."

"ಯೋಳ್ಬೇಡ ಶಶಿ." ಅವರು ತಲೆ ಎತ್ತಲಿಲ್ಲ. ಕೊನೆಯ ಹಾಲನ್ನು ಹಿಂಡಿ, ಕೆಚ್ಚಲನ್ನು ಒರೆಸಿದರು. ಒರೆಸಿದ ಬಟ್ಟೆ ಹಸಿರು ಸೀರೆಯಿಂದ ಹರಿದದ್ದು. "ಮುಂದಿನ್ಸಲ ಬರೆಯೋವಾಗ ನನ್ನೆಸ್ರು ಬರೀಬೇಡ."

ಅವಳು ಬಟ್ಟೆಯನ್ನೂ ಬದಲಿಸದೆ ಹೋಗಿ ಡೈರಿ ತೆರೆದಳು. ಸಾಲಿನಲ್ಲಿ ಮುನಿಸ್ವಾಮಪ್ಪ ಎರಡನೆಯವರು, ಅವರ ಹಿಂದೆ ಜಯರಾಮಪ್ಪ. ಚುಕ್ಕಿಯ ಹಾಲನ್ನು ಅಳೆದು ಯಂತ್ರಕ್ಕೆ ಹಾಕಿದಳು.

"ಎಷ್ಟಮ್ಮ?" ಎಂದರು ಮಾವ.

"ನಾಲ್ಕು ಪಾಯಿಂಟ್ ಎರಡು."

ಮುನಿಸ್ವಾಮಪ್ಪ ಹಿಂದಕ್ಕೆ ತಿರುಗಿದರು. "ನೋಡ್ದೇನ್ಲಾ ಜಯರಾಮ? ಅವಳ ಕೈಗೆ ಮಾತ್ರವೇ ಕೊಡೋದು ಅದು. ನಾನ್ ಆವತ್ತೇ ಯೋಳ್ದೆ."

"ಊ ಮತ್ತೆ," ಎಂದರು ಜಯರಾಮಪ್ಪ. "ಮೂಕ ಪ್ರಾಣಿ. ಅದ್ಕೇನ್ ಸುಳ್ ಗೊತ್ತಾ."

ಶಶಿರೇಖ ಚೀಟಿ ಹರಿದು ಮಾವನ ಕೈಗೆ ಕೊಟ್ಟಳು. ಜಯರಾಮಪ್ಪನ ಕ್ಯಾನ್ ಕಡೆಗೆ ಕೈ ಚಾಚಿದಳು.